ಕದ್ರಿಯ ಲೋಕೇಶ್ವರನೂ ಸತ್ತವರ ಗತಿಯೂ

ಗುರುಪುರದ ಕಡೆಯಿಂದ ಮಂಗಳೂರಿಗೆ ಬರುವವರು ವಾಮಂಜೂರನ್ನು ಹಾಯ್ದು, ಕುಡುಪು ಕುಲಶೇಖರಗಳನ್ನು ಕಳೆದು ನಂತೂರನ್ನು ಮುಟ್ಟಿದರೆ ಕದ್ರಿಯ ಗುಡ್ಡವು ಸಮೀಪವೇ ಆಯಿತು. ಅಲ್ಲಿಯ ಮಂಜುನಾಥನ ಗುಡಿಯಲ್ಲಿ ಮೂರು ಮೊಗವೂ ಆರು ಕೈಗಳೂ ಉಳ್ಳ ಕಂಚಿನ ಮೂರ್ತಿಯೊಂದು ಕುಳಿತಿದೆ. ಅದರ ಪೀಠದ ಸಂಸ್ಕೃತ ಶಾಸನವು, ಕಲಿವರ್ಷ 4068ರಲ್ಲಿ, ಎಂದರೆ ಕ್ರಿ. ಶ. 968ರ ಸುಮಾರಿಗೆ, ಆಳುಪ ದೊರೆಯಾದ ಕುಂದವರ್ಮನು ಕದರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ತಿಳಿಸುತ್ತದೆ. ದೊರೆಯಾದರೋ ಶಿವಭಕ್ತ. ವಿಹಾರವೆಂಬುದು ಬೌದ್ಧರ ಮಾತು. ಲೋಕೇಶ್ವರನೆಂದರೆ ಬೋಧಿಸತ್ತ್ವನಾದ ಅವಲೋಕಿತೇಶ್ವರನು. ಈತನಿಂದ ತುಳುನಾಡಿನ ಜನಕ್ಕೆ ಏನು ದೊರೆಯಿತು?

ತುಳುವರಲ್ಲಿ ಸತ್ತವರು ಮನೆಯನ್ನು ಬಿಟ್ಟುಹೋಗುವುದಿಲ್ಲ. ಅವರು ಕುಲೆಗಳಾಗಿ ಸುಳಿಯುತ್ತಾರೆ. ಅವರಿಗೂ ಎಲೆ ಹಾಕಿ ಬಡಿಸಬೇಕು. ಮದುವೆಯಿಲ್ಲದೆ ತೀರಿದವರ ಕುಲೆಗಳಿಗೆ ಹೆಣ್ಣು ಗಂಡು ಗೊತ್ತುಮಾಡಿ ಮದುವೆ ನಡೆಸುವ ಮನೆತನಗಳು ಈಗಲೂ ಉಂಟು. ಇಂಥವರ ಮುಂದೆ ನಿಂತು, ಶಾಶ್ವತವಾದ ಆತ್ಮವೇ ಇಲ್ಲವೆಂದು ಹೇಳುವುದು ಸುಲಭವಾಗಿರಲಾರದು. ಆದರೂ ಬುದ್ಧನ ಮತವು ಅದನ್ನೇ ಹೇಳುತ್ತದೆ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನವೆಂಬ ಐದು ಸ್ಕಂಧಗಳ ಕೂಟವೇ ಮನುಷ್ಯನು. ಮರಣದಲ್ಲಿ ಅದು ಬಿಚ್ಚಿಹೋಗುತ್ತದೆ. ದೀಪದಿಂದ ದೀಪವು ಹತ್ತಿದಂತೆ ಕರ್ಮದ ಬಲದಿಂದ ಮುಂದಿನ ಹುಟ್ಟು.

ಹಾಗಾದರೆ ಈ ಜನ್ಮದ ಪಾಪವು ಇನ್ನೊಬ್ಬನ ಪಾಲಾಯಿತಲ್ಲವೆ? ಯವನರಾಜನಾದ ಮಿಲಿಂದನು ಭಿಕ್ಷು ನಾಗಸೇನನನ್ನು ಕೇಳಿದ್ದು ಇದನ್ನೇ. ಭಿಕ್ಷುವು ಮಾವಿನ ಕಳ್ಳನೊಬ್ಬನನ್ನು ಎದುರಿಗೆ ತಂದು ನಿಲ್ಲಿಸಿದನು. ಒಡೆಯನು ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ ಎಂದು ಆ ಕಳ್ಳನು ವಾದಿಸಿದರೆ ದಂಡನೆ ತಪ್ಪುವುದೆ? ನಮ್ಮ ಕರಾವಳಿಯ ತೋಟದವರಿಗೆ ಇದಕ್ಕಿಂತ ಒಪ್ಪುವ ಉತ್ತರ ಬೇಕಿಲ್ಲ.

ಮರಣಕ್ಕೂ ಮರುಹುಟ್ಟಿಗೂ ನಡುವೆ ಅಂತರಾಭವವೆಂಬ ಸ್ಥಿತಿಯುಂಟೇ ಎಂಬಲ್ಲಿ ಬೌದ್ಧರಲ್ಲಿಯೇ ಜಗಳ. ಸಿಂಹಳದ ಥೇರವಾದಿಗಳು ಇಲ್ಲವೆಂದರು, ಸರ್ವಾಸ್ತಿವಾದಿಗಳು ಉಂಟೆಂದರು, ಅದು 49 ದಿನಗಳವರೆಗೆ ನಡೆಯುವುದೆಂಬ ಎಣಿಕೆ ಟಿಬೆಟ್ಟಿನವರಲ್ಲಿ ನೆಲೆಯೂರಿತು. ಆದರೆ ಸತ್ತವರಿಗೆ ಬದುಕಿರುವವರು ನೆರವಾಗಬಹುದೆಂಬುದನ್ನು ಪಾಲಿ ಗ್ರಂಥಗಳೂ ಬಲ್ಲವು. ತಿರೋಕುಡ್ಡ ಸೂತ್ರದಲ್ಲಿ ಪ್ರೇತಗಳು ತಮ್ಮ ಹಳೆಯ ಮನೆಗಳ ಗೋಡೆಯಾಚೆ, ಬಾಗಿಲ ಬಳಿ ಬಂದು ನಿಲ್ಲುತ್ತವೆ. ಅವುಗಳ ಲೋಕದಲ್ಲಿ ಬೇಸಾಯವಿಲ್ಲ, ದನಕರುಗಳಿಲ್ಲ. ನೆಂಟರು ಇಲ್ಲಿ ಮಾಡಿದ ದಾನದ ಪುಣ್ಯವೇ ಅವುಗಳಿಗೆ ಆಹಾರ. ಕುಲೆಗೆ ಬಡಿಸುವ ತುಳುವನಿಗೆ ಈ ಮಾತು ಹೊಸತೆನಿಸಿರಲಾರದು. ಹೊಸತಾದುದು ಒಂದೇ: ಬಡಿಸಬೇಕಾದುದು ಭಿಕ್ಷುವಿಗೆ, ಹಸಿದವನಿಗೆ; ಸತ್ತವನಿಗೆ ಸಲ್ಲುವುದು ಅದರ ಪುಣ್ಯ.

ಇನ್ನು ನೆಂಟರೇ ಇಲ್ಲದ ಸತ್ತವನ ಗತಿ ಏನು? ಲೋಕೇಶ್ವರನು ಬೇಕಾಗುವುದು ಇಲ್ಲಿಯೇ ಎಂದು ನಾವು ತಿಳಿಯುತ್ತೇವೆ. ಕಾರಂಡವ್ಯೂಹವೆಂಬ ಮಹಾಯಾನ ಸೂತ್ರದಲ್ಲಿ ಆತನು ಅವೀಚಿನರಕವನ್ನು ಹೊಗಲು ಬೆಂಕಿಯು ಆರಿ ತಾವರೆಗಳು ಅರಳುತ್ತವೆ. ಪ್ರೇತಗಳ ಊರಿಗೆ ಹೋದಾಗ ಆತನ ಬೆರಳುಗಳಿಂದ ನೀರು ಹರಿದು ಅವುಗಳ ಬಾಯಾರಿಕೆ ಹಿಂಗುತ್ತದೆ. ಯಾರ ಪಿತೃ, ಯಾವ ಕುಲವೆಂದು ಆತನು ಕೇಳುವುದಿಲ್ಲ. ಶಿವಭಕ್ತನಾದ ಅರಸನು ಇಂಥ ಮೂರ್ತಿಯನ್ನು ನಿಲ್ಲಿಸಿದುದು ನಮಗೆ ವಿಚಿತ್ರವಾಗಿ ತೋರುವುದಿಲ್ಲ.

ಆ ಸೂತ್ರವು ಕೊಂಡಾಡುವ ಆರು ಅಕ್ಷರಗಳ ಮಂತ್ರವನ್ನು ಇಂದು ಕನ್ನಡನಾಡಿನಲ್ಲಿಯೇ ಕೇಳಬಹುದು. 1960ರ ಹೊತ್ತಿಗೆ ಬೈಲುಕುಪ್ಪೆಯಲ್ಲಿ ನೆಲೆಸತೊಡಗಿದ ಟಿಬೆಟ್ಟಿನವರ ನಾಲಗೆಯ ಮೇಲೆ ಅದು ದಿನವೂ ಇದೆ. ಕದ್ರಿಯಲ್ಲಿ ಭಿಕ್ಷುಗಳಿಲ್ಲ, ಗುಡ್ಡದ ಮೇಲೆ ನಾಥಪಂಥದ ಜೋಗಿಮಠವಿದೆ. ಲೋಕೇಶ್ವರನಿಗೆ ಗುಡಿಯಲ್ಲಿ ದೀಪವು ಉರಿಯುತ್ತಿದೆ. ವಾಮಂಜೂರಿನಿಂದ ಬಂದವರೂ ಕೈಮುಗಿದು ಮುಂದೆ ಸಾಗುತ್ತಾರೆ.