ಗೂಳಿ ಕಪ್ಪೆ: ಸಂಕ್ಷಿಪ್ತ ಮಾಹಿತಿ

ಪರಿಚಯ
ಕೆರೆ, ಕುಂಟೆ ಹಾಗೂ ಭತ್ತದ ಗದ್ದೆಗಳಲ್ಲಿ ಕಂಡುಬರುವ ಗೂಳಿ ಕಪ್ಪೆಯು ಭಾರತದ ಅತಿ ದೊಡ್ಡ ಕಪ್ಪೆಗಳಲ್ಲಿ ಒಂದಾಗಿದೆ. ಇದರ ವೈಜ್ಞಾನಿಕ ಹೆಸರು ಹೋಪ್ಲೋಬಟ್ರಾಕಸ್ ಟೈಗರಿನಸ್. ದೇಹದ ಉದ್ದವು ಸುಮಾರು 16 ಸೆಂ.ಮೀ.ವರೆಗೆ ಇರುತ್ತದೆ. ಮೈಬಣ್ಣವು ಹಸಿರು ಅಥವಾ ಕಂದು. ಕರ್ನಾಟಕವೂ ಸೇರಿದಂತೆ ದಕ್ಷಿಣ ಏಷ್ಯಾದ ಬಹುಭಾಗದಲ್ಲಿ ಇದು ನೆಲೆಸಿದೆ.

ಆಹಾರ
ಇದು ಮುಖ್ಯವಾಗಿ ನಿಶಾಚರಿ. ಕೀಟಗಳು, ಏಡಿ, ಎರೆಹುಳು, ಸಣ್ಣ ಇಲಿ ಹಾಗೂ ಇತರ ಕಪ್ಪೆಗಳನ್ನು ತಿನ್ನುತ್ತದೆ. ಹಾವು, ಕೊಕ್ಕರೆ ಮುಂತಾದವುಗಳಿಗೆ ಇದು ಸ್ವತಃ ಆಹಾರವಾಗಿದೆ.

ಜೀವನಚಕ್ರ
ಬೇಸಿಗೆಯಲ್ಲಿ ಈ ಕಪ್ಪೆಯು ಮಣ್ಣಿನಲ್ಲಿ ಹುದುಗಿ ಕಾಲ ಕಳೆಯುತ್ತದೆ. ಮುಂಗಾರಿನ ಮೊದಲ ಭಾರಿ ಮಳೆಗೆ ಹೊರಬರುತ್ತದೆ. ಆಗ ಗಂಡು ಕಪ್ಪೆಯ ಮೈ ಹಳದಿಯಾಗಿ, ಗಂಟಲಿನ ಎರಡೂ ಬದಿಯ ಧ್ವನಿಚೀಲಗಳು ನೀಲಿಯಾಗಿ ಕಾಣುತ್ತವೆ. ಹೆಣ್ಣು ಸಾವಿರಾರು ಮೊಟ್ಟೆಗಳನ್ನು ಇಡುತ್ತದೆ.

ಮೊಟ್ಟೆಯಿಡಲು ಇದು ಹೆಚ್ಚಾಗಿ ಆರಿಸಿಕೊಳ್ಳುವುದು ಮಳೆಗಾಲದಲ್ಲಿ ಮಾತ್ರ ತುಂಬುವ ಆಳವಿಲ್ಲದ ಹೊಂಡಗಳನ್ನು. ಇಂತಹ ಹೊಂಡಗಳಲ್ಲಿ ಮೀನುಗಳ ಕಾಟ ಕಡಿಮೆ. ಮಾಂಸಾಹಾರಿಗಳಾದ ಗೊದಮೊಟ್ಟೆಗಳು ಇತರ ಗೊದಮೊಟ್ಟೆಗಳನ್ನೂ ತಿಂದು, ನೀರು ಇಂಗುವ ಮೊದಲೇ ಕೆಲವು ವಾರಗಳಲ್ಲಿ ಕಪ್ಪೆಯ ರೂಪ ತಾಳುತ್ತವೆ. ನಿರುಪಯುಕ್ತವೆಂದು ಮುಚ್ಚಲಾಗುವ ಕುಂಟೆಯೊಂದು ಇಡೀ ಪ್ರದೇಶದ ಕಪ್ಪೆಗಳ ತೊಟ್ಟಿಲಾಗಿರಬಹುದು.

ರಕ್ಷಣೆ
ಕಪ್ಪೆಯ ಕಾಲುಗಳ ರಫ್ತಿಗಾಗಿ ಹಿಂದೆ ಇವುಗಳನ್ನು ಭಾರಿ ಪ್ರಮಾಣದಲ್ಲಿ ಹಿಡಿಯಲಾಗುತ್ತಿತ್ತು. 1985ರಲ್ಲಿ ಈ ಪ್ರಭೇದವನ್ನು ಸೈಟಿಸ್ ಒಪ್ಪಂದದ 2ನೇ ಅನುಬಂಧಕ್ಕೆ ಸೇರಿಸಲಾಯಿತು. 1987ರಲ್ಲಿ ಭಾರತ ಸರ್ಕಾರವು ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿತು. ಇದು 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ವ್ಯಾಪ್ತಿಗೂ ಒಳಪಟ್ಟಿದೆ. ಇಂದು ಇದು ಅಳಿವಿನಂಚಿನ ಪ್ರಭೇದವಲ್ಲ. ಆದರೆ ಜಲನೆಲೆಗಳ ನಾಶ, ಕೀಟನಾಶಕಗಳ ಬಳಕೆ ಹಾಗೂ ಮಳೆಗಾಲದ ರಾತ್ರಿಗಳ ವಾಹನ ಸಂಚಾರ ಇದಕ್ಕೆ ಅಪಾಯಕಾರಿಯಾಗಿವೆ.

ಸಾರ್ವಜನಿಕರಲ್ಲಿ ವಿನಂತಿ
1. ಜಮೀನು ಸಮತಟ್ಟು ಮಾಡುವಾಗ ಅಥವಾ ಕೆರೆಯ ಹೂಳು ತೆಗೆಯುವಾಗ ಆಳವಿಲ್ಲದ ಅಂಚುಗಳನ್ನೂ ಮಳೆನೀರಿನ ಕುಂಟೆಗಳನ್ನೂ ಸಾಧ್ಯವಾದಷ್ಟು ಉಳಿಸಿಕೊಳ್ಳುವುದು.
2. ಕಪ್ಪೆಯ ಚರ್ಮವು ನೀರಿನೊಂದಿಗೆ ವಿಷವನ್ನೂ ಹೀರುವುದರಿಂದ ಕೀಟನಾಶಕದ ಡಬ್ಬಿ, ಸಿಂಪರಣಾ ಯಂತ್ರಗಳನ್ನು ಕೆರೆ ಕುಂಟೆಗಳಲ್ಲಿ ತೊಳೆಯದಿರುವುದು.
3. ಮಾಂಸಕ್ಕಾಗಿ ಕಪ್ಪೆಗಳನ್ನು ಹಿಡಿಯದಿರುವುದು ಹಾಗೂ ಮಾರಾಟ ಮಾಡದಿರುವುದು.
4. ಕಪ್ಪೆ ಅಥವಾ ಗೊದಮೊಟ್ಟೆಗಳನ್ನು ಬೇರೆ ಪ್ರದೇಶಗಳಿಗೆ ಸಾಗಿಸಿ ಬಿಡದಿರುವುದು. ಅಂಡಮಾನ್ ದ್ವೀಪಗಳಿಗೆ ಹೀಗೆ ತಲುಪಿದ ಗೂಳಿ ಕಪ್ಪೆಯು ಅಲ್ಲಿನ ಸ್ಥಳೀಯ ಜೀವಿಗಳಿಗೆ ಕಂಟಕವಾಗಿದೆ.