ಬ್ರೇಕ್ ಇನ್ಸ್‌ಪೆಕ್ಟರೂ ಅವಿನಾಶಿ ರಸ್ತೆಯೂ

ಪ್ರತಿ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಕೊಯಮತ್ತೂರಿನ ಪಿ.ಆರ್.ಎಸ್. ಮೈದಾನದಲ್ಲಿ ಹಳದಿ ಬಸ್ಸುಗಳ ಜಾತ್ರೆ ನೆರೆಯುತ್ತದೆ. ಆರ್.ಟಿ.ಓ. ಕಚೇರಿಯವರು, ಪೊಲೀಸರು, ಶಿಕ್ಷಣ ಇಲಾಖೆಯವರು ಒಂದೊಂದೇ ಬಸ್ಸು ಹತ್ತಿ ಇಳಿಯುತ್ತಾರೆ. ನೆಲದ ಹಲಗೆ ಗಟ್ಟಿಯಾಗಿದೆಯೇ, ತುರ್ತು ಬಾಗಿಲು ತೆರೆಯುತ್ತದೆಯೇ, ಬೆಂಕಿ ಆರಿಸುವ ಸಿಲಿಂಡರ್ ಇದೆಯೇ, ವೇಗ ನಿಯಂತ್ರಕ ಕೆಲಸ ಮಾಡುತ್ತಿದೆಯೇ ಎಂದೆಲ್ಲ ನೋಡುತ್ತಾರೆ. ಸರಿಯಿಲ್ಲದ ಬಸ್ಸು ರಿಪೇರಿಗೆ ವಾಪಸ್.

ಇದನ್ನು ನೋಡಿ "ಎಲ್ಲಾ ಬರೀ ಶಾಸ್ತ್ರ ಸಾರ್, ಅವತ್ತೊಂದು ದಿನ ಚೆನ್ನಾಗಿದ್ದರೆ ಸಾಕು" ಎನ್ನುವವರಿದ್ದಾರೆ. "ಇಷ್ಟಾದರೂ ನೋಡುತ್ತಾರಲ್ಲ, ಅದೇ ಪುಣ್ಯ" ಎನ್ನುವ ತಾಯಂದಿರೂ ಇದ್ದಾರೆ. ಹೆದ್ದಾರಿಯ ವೇಗದ ಮಿತಿಯ ಬಗ್ಗೆಯೂ ಇಂಥದೇ ಎರಡು ಮಾತು. ರಸ್ತೆ ಇಷ್ಟು ಅಗಲ ಮಾಡಿ, ಕಾರು ಇಷ್ಟು ಒಳ್ಳೆಯದು ಮಾಡಿ, ಆಮೇಲೆ ನಿಧಾನ ಹೋಗು ಅಂದರೆ ಹೇಗೆ ಎಂದು ಒಬ್ಬರು; ಹೋದ ಜೀವ ಬರುತ್ತದೆಯೇ ಎಂದು ಇನ್ನೊಬ್ಬರು. ಈ ಜಗಳಕ್ಕೆ ನೂರೈವತ್ತು ವರ್ಷಕ್ಕಿಂತ ಹೆಚ್ಚು ಇತಿಹಾಸವಿದೆ. ಅದನ್ನು ನಮ್ಮ ಮಕ್ಕಳಿಗೂ ಪೋಷಕರಿಗೂ ತಿಳಿಸೋಣ ಎಂದು ಈ ಬರಹ.

ಕೊಯಮತ್ತೂರಿನ ಮಾತು ನಮಗೇಕೆ ಅನ್ನಬೇಡಿ. 1956ರ ವರೆಗೆ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ತಾಳವಾಡಿ ಸೀಮೆಯೂ 1979ರಲ್ಲಿ ಪೆರಿಯಾರ್ ಜಿಲ್ಲೆ (ಈಗಿನ ಈರೋಡು) ಆಗುವವರೆಗೆ ಅದೇ ಜಿಲ್ಲೆಯದು. ಇಂದಿಗೂ ನಮ್ಮ ಮಕ್ಕಳು ಓದು ಮುಗಿಸಿ ಕೊಯಮತ್ತೂರಿನ ಕಾಲೇಜಿಗೋ, ತಿರುಪ್ಪೂರಿನ ಬನಿಯನ್ ಕಂಪನಿಗೋ ಹೊರಟರೆ ದಿಂಬಂ ಘಾಟಿಯ 27 ತಿರುವು ಇಳಿದು ಅದೇ ರಸ್ತೆಗಳನ್ನು ಸೇರಬೇಕು.

ಕೆಂಪು ಬಾವುಟ ಹಿಡಿದ ಮನುಷ್ಯ

ಮೊದಲು ಇಂಗ್ಲೆಂಡಿಗೆ ಹೋಗಿ ಬರೋಣ, ಏಕೆಂದರೆ ನಮ್ಮ ಮೋಟಾರು ಕಾನೂನಿನ ಬೇರು ಅಲ್ಲಿದೆ. 1865ರಲ್ಲಿ ಅಲ್ಲಿ ಒಂದು ಕಾನೂನು ಬಂತು. ರಸ್ತೆಯಲ್ಲಿ ಓಡುವ ಉಗಿಬಂಡಿ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಮೀರಬಾರದು. ಸಾಲದು ಎಂಬಂತೆ ಬಂಡಿಯ ಮುಂದೆ 60 ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು! ಇಂದು ಕೇಳಿದರೆ ನಗು ಬರುತ್ತದೆ. 1896ರಲ್ಲಿ ಮಿತಿಯನ್ನು 14 ಮೈಲಿಗೆ, 1903ರಲ್ಲಿ 20 ಮೈಲಿಗೆ ಏರಿಸಿದರು.

ಆದರೆ ಮುಂದಿನ ಕಥೆಗೆ ನಗು ಬರುವುದಿಲ್ಲ. ಯಾರೂ ಪಾಲಿಸದ ಕಾನೂನು ಇದ್ದು ಏನು ಫಲ ಎಂದು 1930ರಲ್ಲಿ ಅಲ್ಲಿನ ಸಂಸತ್ತು ಕಾರುಗಳ ವೇಗದ ಮಿತಿಯನ್ನೇ ತೆಗೆದುಹಾಕಿತು. ರಸ್ತೆಯಲ್ಲಿ ಸಾವು ಹೆಚ್ಚಿದ ಕೂಗು ಎದ್ದಿತು. 1935ರಲ್ಲಿ ಜನವಸತಿ ಇರುವ ಕಡೆ 30 ಮೈಲಿ ಮಿತಿ ಮರಳಿ ಬಂತು. ಮಿತಿಯೇ ಬೇಡ ಎಂದು ಪ್ರಯೋಗ ಮಾಡಿ ನೋಡಿದ ದೇಶ ಐದೇ ವರ್ಷದಲ್ಲಿ ಹಿಂದಕ್ಕೆ ಬಂತು.

ಪೊಳ್ಳಾಚಿಯಿಂದ ಪಳನಿಗೆ ಒಂದು ಬಸ್ಸು

ನಮ್ಮ ದೇಶಕ್ಕೆಲ್ಲ ಅನ್ವಯಿಸುವ ಮೋಟಾರು ವಾಹನ ಕಾಯಿದೆ ಬಂದದ್ದು 1914ರಲ್ಲಿ. ಅದಾಗಿ ಆರು ವರ್ಷಕ್ಕೆ, 1920ರಲ್ಲಿ, ಕೊಯಮತ್ತೂರು ಬಳಿಯ ಕಲಂಗಲ್ ಗ್ರಾಮದ ಜಿ.ಡಿ. ನಾಯ್ಡು (1893-1974) ಒಂದು ಬಸ್ಸು ಕೊಂಡರು. ತಾವೇ ಚಾಲಕರಾಗಿ ಪೊಳ್ಳಾಚಿ ಮತ್ತು ಪಳನಿ ನಡುವೆ ಓಡಿಸಿದರು. ಮುಂದೆ ಅದೇ ಯು.ಎಂ.ಎಸ್. ಎಂಬ ದೊಡ್ಡ ಬಸ್ ಸಂಸ್ಥೆಯಾಯಿತು. ನಾಯ್ಡು ಅವರ ಬಸ್ಸಿನ ಹೆಸರು ಹಬ್ಬಿದ್ದು ಸಮಯಪಾಲನೆಗೆ. ಹೊರಡುವ ಹೊತ್ತಿಗೆ ಹೊರಟು ಸೇರುವ ಹೊತ್ತಿಗೆ ಸೇರುವುದು ಬೇರೆ, ಮುಂದಿನವನನ್ನು ಹಿಂದೆ ಹಾಕಿ ಓಡುವುದು ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು.

1939ರ ಮೋಟಾರು ವಾಹನ ಕಾಯಿದೆಯಲ್ಲಿ ನಮ್ಮ ಇಂದಿನ ವ್ಯವಸ್ಥೆಯ ಎರಡು ಕಂಬಗಳೂ ನಿಂತವು. 71ನೇ ಕಲಂ ವೇಗದ ಮಿತಿ, 38ನೇ ಕಲಂ ಸುಸ್ಥಿತಿ ಪತ್ರ, ಅಂದರೆ ಎಫ್.ಸಿ. ಬಾಡಿಗೆಗೆ ಓಡುವ ಬಸ್ಸು, ಲಾರಿಯನ್ನು ಸರಕಾರದ ಅಧಿಕಾರಿ ನೋಡಿ ಒಪ್ಪಿದರೆ ಮಾತ್ರ ರಸ್ತೆಗೆ ಇಳಿಯಬೇಕು. ಕಡತದಲ್ಲಿ ಅವರ ಹೆಸರು ಮೋಟಾರು ವಾಹನ ನಿರೀಕ್ಷಕ, ಜನರ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್. 1988ರ ಕಾಯಿದೆಯಲ್ಲಿ ಇವೇ 112 ಮತ್ತು 56ನೇ ಕಲಂಗಳಾದವು.

ಈ ನಡುವೆ ಊರೂ ರಸ್ತೆಯೂ ಬದಲಾದವು. 1972ರಲ್ಲಿ ಖಾಸಗಿ ಬಸ್ಸುಗಳನ್ನು ರಾಜ್ಯ ವಹಿಸಿಕೊಂಡು ಕೊಯಮತ್ತೂರಿನಲ್ಲಿ ಚೇರನ್ ಸಾರಿಗೆ ನಿಗಮ ಕಟ್ಟಿತು. ತಿರುಪ್ಪೂರು ಬನಿಯನ್ ಪಟ್ಟಣವಾಗಿ ಬೆಳೆದು 2009ರಲ್ಲಿ ಬೇರೆ ಜಿಲ್ಲೆಯೇ ಆಯಿತು. ಸೇಲಂನಿಂದ ಅವಿನಾಶಿ, ಕೊಯಮತ್ತೂರು ದಾಟಿ ಕೊಚ್ಚಿಗೆ ಹೋಗುವ ಹಳೆಯ 47ನೇ ಹೆದ್ದಾರಿ ಈಗ 544. ಎತ್ತಿನ ಗಾಡಿಗಳಿದ್ದ ದಾರಿಯಲ್ಲಿ ಇಂದು ರಾತ್ರಿಯಿಡೀ ಕಂಟೇನರ್ ಲಾರಿಗಳು.

100 ಬೇಕೋ 80 ಬೇಕೋ

2018ರ ಏಪ್ರಿಲ್ 6ರಂದು ಕೇಂದ್ರ ಸರಕಾರ ಹೊಸ ಅಧಿಸೂಚನೆ ಹೊರಡಿಸಿತು. ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100, ಬಸ್ಸಿಗೆ 90, ಲಾರಿಗೆ 80 ಕಿ.ಮೀ.; ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿಗೆ 120. ಸರಕಾರದ ವಾದ ಇಷ್ಟು: ರಸ್ತೆ ಸುಧಾರಿಸಿದೆ, ಎಂಜಿನ್ ಸುಧಾರಿಸಿದೆ, ತಜ್ಞರ ಸಮಿತಿ ಒಪ್ಪಿದೆ.

2021ರಲ್ಲಿ ಮದ್ರಾಸ್ ಹೈಕೋರ್ಟು ಈ ಅಧಿಸೂಚನೆಯನ್ನು ರದ್ದುಪಡಿಸಿ, 2014ರ ಕಡಿಮೆ ಮಿತಿಗಳಿಗೆ ಮರಳುವಂತೆ ಹೇಳಿತು. ಆ ತೀರ್ಪು ಹುಟ್ಟಿದ್ದು ಅಪಘಾತದಲ್ಲಿ ತೀವ್ರ ಅಂಗವೈಕಲ್ಯಕ್ಕೆ ಒಳಗಾದ ಒಬ್ಬ ಮಹಿಳೆಯ ಪರಿಹಾರದ ಮೊಕದ್ದಮೆಯಲ್ಲಿ. ಎಂಜಿನ್ ಎಷ್ಟೇ ಸುಧಾರಿಸಲಿ, ಅತಿವೇಗವೇ ಅಪಘಾತಗಳ ಮುಖ್ಯ ಕಾರಣವಾಗಿ ಉಳಿದಿದೆ ಎಂಬುದು ನ್ಯಾಯಾಲಯದ ನಿಲುವು.

ಯಾರು ಸರಿ? ಕೋರ್ಟಿನ ಮಾತು ಕೋರ್ಟಿಗಿರಲಿ, ನಾವು ಮೇಷ್ಟ್ರುಗಳು ಕರಿಹಲಗೆಯ ಮೇಲೆ ಲೆಕ್ಕ ಮಾಡೋಣ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. 100 ಎಂದರೆ ಸುಮಾರು 28 ಮೀಟರ್. ಅಡ್ಡ ಬಂದ ಹಸುವನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡ್ ಹಿಡಿಯಿತೆನ್ನಿ, ಅಷ್ಟರಲ್ಲಿ ವಾಹನ ಅಷ್ಟು ದೂರ ಹೋಗಿರುತ್ತದೆ. ಡಿಕ್ಕಿಯ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 100ರ ವರ್ಗವನ್ನು 80ರ ವರ್ಗದಿಂದ ಭಾಗಿಸಿ, 1.56 ಬರುತ್ತದೆ. ವೇಗ ಶೇ. 25 ಹೆಚ್ಚಿದರೆ ಹೊಡೆತ ಶೇ. 56 ಹೆಚ್ಚು. ಇನ್ನು ಲಾಭ? ಅವಿನಾಶಿಯಿಂದ ಕೊಯಮತ್ತೂರಿಗೆ ಸುಮಾರು 40 ಕಿ.ಮೀ. 80ರಲ್ಲಿ ಹೋದರೆ 30 ನಿಮಿಷ, 100ರಲ್ಲಿ 24 ನಿಮಿಷ. ಉಳಿದದ್ದು ಆರೇ ಆರು ನಿಮಿಷ, ಅದೂ ದಾರಿಯಲ್ಲಿ ಎಲ್ಲೂ ನಿಲ್ಲದಿದ್ದರೆ!

ಹೊಸ ಕಾರು ತನ್ನೊಳಗಿರುವವರನ್ನು ಚೆನ್ನಾಗಿ ಕಾಪಾಡುತ್ತದೆ, ನಿಜ. ಆದರೆ ರಸ್ತೆ ದಾಟುವ ಅಜ್ಜಿಗೆ, ಟಿ.ವಿ.ಎಸ್. ಮೇಲೆ ಮೂರು ಪಾಳಿ ಕೆಲಸಕ್ಕೆ ಹೋಗುವ ಬನಿಯನ್ ಕಂಪನಿ ಕಾರ್ಮಿಕನಿಗೆ ಏರ್‌ಬ್ಯಾಗ್ ಎಲ್ಲಿದೆ? ವೇಗದ ಮಿತಿಯ ಲೆಕ್ಕವನ್ನು ಗಾಡಿಯ ಹೊರಗಿರುವವರಿಂದ ಶುರುಮಾಡಬೇಕು ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಎದುರು ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. 2022ರ ಫೆಬ್ರವರಿಯಲ್ಲಿ, ಕಾಡುಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದ ಕಾರಣ ಹೈಕೋರ್ಟಿನ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರ ನಿರ್ಬಂಧಿಸಿದಾಗ ತಾಳವಾಡಿಯ ಜನ ಬೀದಿಗಿಳಿದರು. ತರಕಾರಿ ಬೆಳೆದವನಿಗೆ ಮಾರುಕಟ್ಟೆಯ ಹೊತ್ತು ತಪ್ಪಿದರೆ ವರ್ಷದ ದುಡಿಮೆ ಹೋಯಿತು. ನಿಯಮ ಮಾಡುವವರು ಅದರ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂದೂ ನೋಡಬೇಕಲ್ಲವೇ?

ಬಸ್ಸಿನ ನೆಲದ ತೂತು

ಇನ್ನು ತಪಾಸಣೆಯ ವಿಷಯ. ಇಂಗ್ಲೆಂಡಿನಲ್ಲಿ 1960ರಿಂದ ಹತ್ತು ವರ್ಷ ದಾಟಿದ ಕಾರುಗಳ ಬ್ರೇಕು, ದೀಪ, ಸ್ಟೀರಿಂಗ್ ಪರೀಕ್ಷೆ ಕಡ್ಡಾಯವಾಯಿತು. 1967ರ ಹೊತ್ತಿಗೆ ಮೂರು ವರ್ಷದ ಕಾರಿಗೂ ಬಂತು. ನಮ್ಮಲ್ಲಿ ಸ್ವಂತ ಕಾರು, ಬೈಕುಗಳಿಗೆ ಮೊದಲ ನೋಂದಣಿಯ 15 ವರ್ಷ ಹೊಗೆ ಪರೀಕ್ಷೆ ಬಿಟ್ಟರೆ ಇಂಥ ತಪಾಸಣೆ ಇಲ್ಲ. ಬಸ್ಸು, ಲಾರಿಗಳಿಗೆ ಮಾತ್ರ ಎಫ್.ಸಿ. 2018ರ ತಿದ್ದುಪಡಿಯಂತೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ.

ಎಫ್.ಸಿ. ಇದ್ದ ಮಾತ್ರಕ್ಕೆ ಗಾಡಿ ಸರಿಯಿದೆ ಎಂದೇ? 2012ರ ಜುಲೈ 25ರಂದು ಚೆನ್ನೈ ಸಮೀಪದ ತಾಂಬರಂ ಬಳಿ ಎರಡನೇ ತರಗತಿಯ ಪುಟ್ಟ ಹುಡುಗಿ ಶಾಲೆಯಿಂದ ಮನೆಗೆ ಬರುತ್ತಿದ್ದಳು. ಬಸ್ಸಿನ ನೆಲದಲ್ಲಿದ್ದ ತೂತಿನಿಂದ ಕೆಳಗೆ ಬಿದ್ದು ಅದೇ ಬಸ್ಸಿನ ಚಕ್ರಕ್ಕೆ ಸಿಕ್ಕಳು. ಆ ಬಸ್ಸಿಗೆ ಕೆಲವೇ ವಾರಗಳ ಹಿಂದೆ ಎಫ್.ಸಿ. ಸಿಕ್ಕಿತ್ತು. ನಾಡೇ ಮರುಗಿತು. ಹೈಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅದೇ ವರ್ಷ ತಮಿಳುನಾಡು ಸರಕಾರ ಶಾಲಾ ಬಸ್ಸುಗಳಿಗೇ ಪ್ರತ್ಯೇಕ ವಿಶೇಷ ನಿಯಮಗಳನ್ನು ತಂದಿತು. ನಾವು ಮೊದಲು ಹೇಳಿದ ಮೈದಾನದ ಹಳದಿ ಬಸ್ಸುಗಳ ಜಾತ್ರೆಯ ಹಿಂದೆ ಆ ಮಗುವಿದೆ. "ಬರೀ ಶಾಸ್ತ್ರ" ಎನ್ನುವ ಮೊದಲು ಇದನ್ನು ನೆನೆಯಬೇಕು.

ಮನುಷ್ಯ ನೋಡಿದರೆ ಕಣ್ಣು ತಪ್ಪಬಹುದು, ಕೈ ಬೆಚ್ಚಗಾಗಲೂಬಹುದು. ಯಂತ್ರವೇ ಪರೀಕ್ಷಿಸಲಿ ಎಂದು ಕೇಂದ್ರವು 2021ರಲ್ಲಿ ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮ ಮಾಡಿತು. ಭಾರಿ ವಾಹನಗಳಿಗೆ 2023ರ ಏಪ್ರಿಲ್‌ನಿಂದ ಎಂದಿದ್ದ ಗಡುವನ್ನು 2024ರ ಅಕ್ಟೋಬರ್‌ಗೆ ಮುಂದೂಡಿತು. ಊರೂರಿಗೆ ಕೇಂದ್ರ ಕಟ್ಟದೆ ಗಡುವು ಇಟ್ಟರೆ ಸಣ್ಣ ಲಾರಿ ಮಾಲೀಕ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ.

ಅವಿನಾಶಿಯ ಆ ರಾತ್ರಿ

ವೇಗಕ್ಕೆ ಮಿತಿ, ಗಾಡಿಗೆ ಎಫ್.ಸಿ. ಎರಡೂ ಇದ್ದರೆ ಸಾಕೇ? 2020ರ ಫೆಬ್ರವರಿ 20ರ ಬೆಳಗಿನ ಜಾವ ಬೆಂಗಳೂರಿನಿಂದ ಎರ್ನಾಕುಲಂಗೆ ಹೊರಟಿದ್ದ ಕೇರಳ ಸಾರಿಗೆಯ ಬಸ್ಸು ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿ ಬಂದಿತ್ತು. ಎದುರು ದಿಕ್ಕಿನ ಪಥದಲ್ಲಿ ಟೈಲ್ಸ್ ತುಂಬಿದ ಕಂಟೇನರ್ ಲಾರಿ. ಲಾರಿ ವಿಭಜಕ ದಾಟಿ ನುಗ್ಗಿ ಬಸ್ಸಿಗೆ ಅಪ್ಪಳಿಸಿತು. ಬಸ್ಸಿನ ಚಾಲಕ, ನಿರ್ವಾಹಕರೂ ಸೇರಿ 19 ಮಂದಿ ಸತ್ತರು. ಟೈರ್ ಸಿಡಿಯಿತು ಎಂಬ ಮಾತು ಮೊದಲು ಬಂತು. ಕೇರಳದ ಮೋಟಾರು ವಾಹನ ಅಧಿಕಾರಿಗಳು ನೋಡಿ, ಟೈರಲ್ಲ, ಲಾರಿ ಚಾಲಕ ನಿದ್ದೆಗೆ ಜಾರಿದ್ದು ಕಾರಣ ಎಂದರು.

ನಿದ್ದೆಯನ್ನು ಯಾವ ಬ್ರೇಕ್ ಇನ್ಸ್‌ಪೆಕ್ಟರ್ ಪರೀಕ್ಷಿಸಬೇಕು? ಅದಕ್ಕೂ ಕಾನೂನಿದೆ. ಹಿಂದೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ, 1961ರಲ್ಲೇ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಬರೆದಿದ್ದರು. ಬಾಡಿಗೆಯ ಟ್ರಿಪ್ಪಿನ ಮೇಲೆ ಬದುಕುವ ಚಾಲಕನಿಗೆ ಅದು ಎಷ್ಟು ಸಿಕ್ಕಿದೆ ಎಂದು ಹೆದ್ದಾರಿ ಬದಿಯ ಯಾವುದೇ ಟೀ ಅಂಗಡಿಯಲ್ಲಿ ಕೇಳಿ ನೋಡಿ. ಗಾಡಿಯ ಆಯಸ್ಸು, ರಸ್ತೆಯ ಮಿತಿ ಎರಡನ್ನೂ ಅಳೆಯುವ ನಾವು ಓಡಿಸುವವನ ದಣಿವನ್ನು ಅಳೆಯುವುದಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ತಮಿಳುನಾಡಿನಲ್ಲಿ 17,884. ದೇಶದ ಈ ಸಾವುಗಳಲ್ಲಿ ಶೇ. 71ಕ್ಕೆ ಅತಿವೇಗವೇ ಕಾರಣ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಹಾಗೆ ಬರೆದ ಸಾವುಗಳ ಹಿಂದೆ ನಿದ್ದೆ, ಹಳೆಯ ಟೈರು, ಮಾಲೀಕನ ಅವಸರ ಎಷ್ಟು ಅಡಗಿವೆಯೋ!

2025ರ ಅಕ್ಟೋಬರ್‌ನಲ್ಲಿ ಕೊಯಮತ್ತೂರಿನ ಅವಿನಾಶಿ ರಸ್ತೆಯ ಮೇಲೆ 10 ಕಿ.ಮೀ. ಉದ್ದದ ಮೇಲ್ಸೇತುವೆ ತೆರೆಯಿತು. ಅದಕ್ಕೆ ಜಿ.ಡಿ. ನಾಯ್ಡು ಅವರ ಹೆಸರು. ಸಮಯಕ್ಕೆ ಸರಿಯಾಗಿ ಬಸ್ಸು ಓಡಿಸಿದವರ ಹೆಸರಿನ ಸೇತುವೆ ರೇಸಿನ ಕಣವಾಗದಿರಲಿ.

ತಮಿಳುನಾಡಿನ ರಸ್ತೆ ಬದಿಯ ಫಲಕಗಳಲ್ಲಿ "ಮಿದ ವೇಗಂ ಮಿಗ ನನ್ರು" ಎಂದಿರುತ್ತದೆ, ಹದವಾದ ವೇಗವೇ ಲೇಸು ಎಂದು ಅರ್ಥ. ನಮ್ಮ ಮಕ್ಕಳು ಅದನ್ನು ಓದಬಲ್ಲರು. ದೊಡ್ಡವರು ನಾವು ಮಾಡಬಹುದಾದದ್ದೂ ಇದೆ. ಶಾಲೆ ಆರಂಭದ ದಿನ ಮಗುವನ್ನು ಬಸ್ಸು ಹತ್ತಿಸುವಾಗ ಒಮ್ಮೆ ನಾವೂ ಹತ್ತಿ ಸೀಟಿನ ಕೆಳಗೆ ಬಗ್ಗಿ ನೋಡೋಣ. ಎಫ್.ಸಿ. ಯಾವ ತಾರೀಕಿನದು ಎಂದು ಕೇಳೋಣ. ಪ್ರವಾಸಕ್ಕೆ ಹೊರಡುವ ಮುನ್ನ ಚಾಲಕರನ್ನು "ಅಣ್ಣಾ, ರಾತ್ರಿ ನಿದ್ದೆ ಆಯ್ತಾ?" ಎಂದು ಕೇಳಿ, ಆಗಿಲ್ಲವೆಂದರೆ ಪ್ರವಾಸವನ್ನು ನಾಳೆಗೆ ಹಾಕೋಣ.