ಮುದ್ದೆಯ ಲಿಂಗ: ಕೋಲಾರ ಸೀಮೆಯ ಆಹಾರಪದಗಳು ಮತ್ತು ಲಿಂಗವ್ಯವಸ್ಥೆಯ ಚರಿತ್ರೆ

ಫ್ರೆಂಚಿನಲ್ಲಿ ಅಕ್ಕಿ ಪುಲ್ಲಿಂಗ, ಮಾಂಸ ಸ್ತ್ರೀಲಿಂಗ. ಹಾಲು, ಜೇನುಗಳ ಚರಿತ್ರೆ ಇನ್ನೂ ಸ್ವಾರಸ್ಯಕರ. ಲ್ಯಾಟಿನ್ನಿನಲ್ಲಿ ನಪುಂಸಕವಾಗಿದ್ದ ಈ ಎರಡು ಪದಗಳೂ, ಆ ಲಿಂಗವೇ ಅಳಿದ ಬಳಿಕ, ಫ್ರೆಂಚಿನಲ್ಲಿ ಪುಲ್ಲಿಂಗವನ್ನೂ ಸ್ಪ್ಯಾನಿಷ್‌ನಲ್ಲಿ ಸ್ತ್ರೀಲಿಂಗವನ್ನೂ ಸೇರಿದವು. ಅರ್ಥ ಬದಲಾಗಲಿಲ್ಲ; ಲಿಂಗ ಮಾತ್ರ ಬದಲಾಯಿತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕನ್ನಡದಲ್ಲಿ ಹೀಗಾಗುವಂತಿಲ್ಲ. ಮುದ್ದೆ, ಬಸ್ಸಾರು, ಅವರೆಕಾಳು ಎಲ್ಲವೂ ನಪುಂಸಕ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜ ಸಂಸ್ಕೃತದ ಪರಿಭಾಷೆಯನ್ನು ಅನುಸರಿಸಿ ನವಲಿಂಗಗಳನ್ನು ಹೆಸರಿಸಿದರೂ, ಕನ್ನಡದ ಕ್ರಿಯಾಪದಕ್ಕೆ ಮೂರೇ ಸಾಕು. ಸಂಸ್ಕೃತದಲ್ಲಿ ಸೂಪ ಪುಲ್ಲಿಂಗ, ಶರ್ಕರಾ ಸ್ತ್ರೀಲಿಂಗ, ಕ್ಷೀರ ನಪುಂಸಕ. ಪ್ರಾಕೃತವನ್ನು ಹಾದು ಬಂದ 'ಸಕ್ಕರೆ' ಕನ್ನಡದಲ್ಲಿ 'ಕರಗಿತು', 'ಕರಗಿದಳು' ಅಲ್ಲ. ಎರವಲು ಪದದೊಡನೆ ಅದರ ಲಿಂಗ ಬರುವುದಿಲ್ಲ.

ಇದೇ ಸೀಮೆಯ ಮುಸ್ಲಿಮರ ಮನೆಮಾತಾದ ದಖ್ಖನಿಯಲ್ಲಿ ರೋಟಿ ಸ್ತ್ರೀಲಿಂಗವೇ. ಆದರೆ ಉತ್ತರದ ಉರ್ದುವಿನ 'ಮೈಂನೇ ರೋಟೀ ಖಾಯೀ' ಎಂಬಲ್ಲಿ ಕ್ರಿಯಾಪದ ರೊಟ್ಟಿಯನ್ನು ಅನುಸರಿಸಿದರೆ, ದಖ್ಖನಿಯ ಗಂಡಸು 'ಮೈಂ ರೋಟೀ ಖಾಯಾ' ಎನ್ನುತ್ತಾನೆ. ಆಹಾರಪದದ ಲಿಂಗ ಪ್ರಕಟವಾಗುವ ಒಂದು ಸ್ಥಾನ ಇಲ್ಲಿ ಮುಚ್ಚಿದೆ.

ನಿಜವಾದ ತೊಡಕಿರುವುದು ಈ ಗಡಿಸೀಮೆಯ ಬಹುಮಂದಿಯ ಮನೆಮಾತಾದ ತೆಲುಗಿನಲ್ಲಿ. ಶಿಷ್ಟರೂಪವನ್ನೇ ಕೊಡುವುದಾದರೆ, 'ಅಬ್ಬಾಯಿ ವಚ್ಚಾಡು', 'ಅಮ್ಮಾಯಿ ವಚ್ಚಿಂದಿ', 'ಅನ್ನಂ ವಚ್ಚಿಂದಿ'. ಹುಡುಗಿಗೂ ಅನ್ನಕ್ಕೂ ಪ್ರತ್ಯಯ ಒಂದೇ. ತೆಲುಗು ವೈಯಾಕರಣರ ಮಹತ್ತು-ಅಮಹತ್ತು ವಿಭಜನೆ ಗುರುತಿಸುವುದು ಇದನ್ನೇ. ತೆಲುಗು ಹೆಣ್ಣನ್ನು ವಸ್ತುವಿನ ಮಟ್ಟಕ್ಕೆ ಇಳಿಸಿತೆಂಬ ಮಾತು ಆಗಾಗ ಕೇಳಿಬರುತ್ತದೆ. ಚಾರಿತ್ರಿಕವಾಗಿ ಅದು ತಲೆಕೆಳಗು. ಮೂಲದ್ರಾವಿಡದ ಏಕವಚನದಲ್ಲಿ ಪುರುಷ ಮತ್ತು ಪುರುಷೇತರ ಎಂಬ ಎರಡೇ ವರ್ಗಗಳಿದ್ದವೆಂದೂ, 'ಅವಳ್' ಎಂಬ ಪ್ರತ್ಯೇಕ ಸ್ತ್ರೀರೂಪ ದಕ್ಷಿಣ ದ್ರಾವಿಡ ಶಾಖೆಯ ನಂತರದ ಸೃಷ್ಟಿಯೆಂದೂ ಭದ್ರಿರಾಜು ಕೃಷ್ಣಮೂರ್ತಿ 2003ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ. ಇದನ್ನು ಒಪ್ಪಿದರೆ, ತೆಲುಗು ಯಾರನ್ನೂ ಇಳಿಸಲಿಲ್ಲ. ಕನ್ನಡ, ತಮಿಳುಗಳು ಹೆಣ್ಣನ್ನು ಅನ್ನದ ಪಂಕ್ತಿಯಿಂದ ಬೇರೆಮಾಡಿದವು. ಅನ್ನ ಇದ್ದಲ್ಲೇ ಉಳಿಯಿತು. ಕನ್ನಡದೊಳಗೇ ಹವ್ಯಕರ ಮಾತಿನಲ್ಲಿ ಹೆಣ್ಣಿಗೆ ನಪುಂಸಕ ಪ್ರಯೋಗವಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಅದು ಹಳೆಯದರ ಉಳಿಕೆಯೋ ಹೊಸ ಬೆಳವಣಿಗೆಯೋ ಎಂಬುದು ಬೇರೆಯೇ ಚರ್ಚೆ.

ಹೀಗಾಗಿ ಮುಳಬಾಗಿಲಿನ ದ್ವಿಭಾಷಿಕನು ಸಹಸ್ರಾರು ವರ್ಷಗಳ ಹಿಂದಿನ ಒಂದು ಬದಲಾವಣೆಯ ಎರಡೂ ದಡಗಳಲ್ಲಿ ದಿನನಿತ್ಯ ಓಡಾಡುತ್ತಾನೆ. ತೆಲುಗು ಮನೆಮಾತಿನ ಮಗು ಕನ್ನಡ ಶಾಲೆಯಲ್ಲಿ 'ಅಕ್ಕ ಬಂತು' ಎಂದರೆ ಅದನ್ನು ಅಜ್ಞಾನವೆಂದು ತಿದ್ದುವುದು ಸುಲಭ. ಆದರೆ ಆ ಮಗು ಕಲಿಯಬೇಕಾದದ್ದು ಹೊಸ ಪ್ರತ್ಯಯವೊಂದನ್ನಷ್ಟೇ ಅಲ್ಲ, ತನ್ನ ಮಾತಿನಲ್ಲಿ ಒಂದಾಗಿರುವ ವರ್ಗವನ್ನು ಸೀಳುವುದನ್ನು. ಅದೂ ಏಕವಚನದಲ್ಲಿ ಮಾತ್ರ. ಬಹುವಚನದಲ್ಲಿ ಅದರ ತೆಲುಗು ಈಗಾಗಲೇ ಹುಡುಗಿಯರಿಗೆ 'ವಚ್ಚಾರು' ಎಂದೂ ದೋಸೆಗಳಿಗೆ 'ವಚ್ಚಾಯಿ' ಎಂದೂ ಬೇರ್ಪಡಿಸಿಕೊಂಡಿದೆ; ಕನ್ನಡದ 'ಬಂದರು', 'ಬಂದವು' ಅದಕ್ಕೆ ಹೊಸತಲ್ಲ.